ಆ ದಿನದ ರೊಟ್ಟಿ



ಚಿಂತನೆ, ಚಿಂತೆ – ಈ ಎರಡು ಮಾತುಗಳೂ ಹುಟ್ಟಿದ್ದು ಒಂದೇ ಧಾತುವಿನಿಂದ. ಒಂದನ್ನು ಮಾಡಿರಿ ಎಂದು ಮೇಷ್ಟ್ರು ಹೇಳುತ್ತಾರೆ. ಇನ್ನೊಂದನ್ನು ಮಾಡಬೇಡಿ ಎಂದು ಮನೆಯಲ್ಲಿ ಅಜ್ಜಿ ಹೇಳುತ್ತಾರೆ. ಚಿಂತನೆ ಎಲ್ಲೋ ಹೊರಟು ಎಲ್ಲೋ ಒಂದು ಕಡೆ ತಲುಪುತ್ತದೆ. ಚಿಂತೆ ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುತ್ತದೆ. ಗಾಣದಿಂದಲಾದರೂ ಎಣ್ಣೆ ಬರುತ್ತದೆ, ಇದರಿಂದ ಅದೂ ಇಲ್ಲ. ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿಯೇ ಇರುತ್ತೀರಿ.

ಈ ಚಿಂತೆಯನ್ನು ಕುರಿತು ಕ್ರೈಸ್ತ ಶ್ರದ್ಧೆ ಏನು ಹೇಳುತ್ತದೆ ಎಂಬುದು ಇಂದಿನ ವಿಷಯ. ನಿಮ್ಮಲ್ಲಿ ಕೆಲವರು ಆ ಶ್ರದ್ಧೆಯಲ್ಲೇ ಬೆಳೆದವರಿರಬಹುದು, ಬಹಳ ಜನ ಅಲ್ಲದವರು. ಯಾರಾದರೂ ಸರಿ, ‘ದೇವರ ಮೇಲೆ ಭಾರ ಹಾಕಿ ನೆಮ್ಮದಿಯಾಗಿರು’ ಎಂಬ ಮಾತು ನಿಮಗೆ ಹೊಸದಲ್ಲ. ಪರೀಕ್ಷೆಯ ಹಿಂದಿನ ವಾರ ಇದನ್ನು ಓದಿದವನಿಗೂ ಹೇಳುತ್ತಾರೆ, ಓದದವನಿಗೂ ಹೇಳುತ್ತಾರೆ. ಹೇಳುವುದು ಬಲು ಸುಲಭ. ಆದ್ದರಿಂದಲೇ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೂಲ ಎಲ್ಲಿದೆ ನೋಡೋಣ. ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯನ ಸುವಾರ್ತೆ. ಅದರ 5, 6 ಮತ್ತು 7ನೆಯ ಅಧ್ಯಾಯಗಳಲ್ಲಿ ಯೇಸು ಬೆಟ್ಟದ ಮೇಲೆ ಕುಳಿತು ಮಾಡಿದ ಉಪದೇಶವಿದೆ. ಪರ್ವತ ಪ್ರಸಂಗ ಎಂದು ಅದಕ್ಕೆ ಹೆಸರು. 6ನೆಯ ಅಧ್ಯಾಯದ ಕೊನೆಯ ಹತ್ತು ವಚನಗಳು ಪೂರ್ತಿಯಾಗಿ ಚಿಂತೆಯನ್ನೇ ಕುರಿತವು. ಏನು ಉಣ್ಣುವುದು, ಏನು ಕುಡಿಯುವುದು, ಏನು ಉಡುವುದು ಎಂದು ತಲ್ಲಣಿಸಬೇಡಿ. ಆಕಾಶದ ಹಕ್ಕಿಗಳನ್ನು ನೋಡಿ, ಅಡವಿಯ ಹೂಗಳನ್ನು ನೋಡಿ ಎಂಬುದು ಅದರ ಸಾರ. ಕೇಳುತ್ತಿದ್ದವರು ಯಾರು? ರೋಮನ್ನರ ಆಳ್ವಿಕೆಯ ಕೆಳಗಿದ್ದ, ತೆರಿಗೆಯ ಭಾರ ಹೊತ್ತಿದ್ದ ಗಲಿಲಾಯ ಸೀಮೆಯ ಬಡಜನ: ಮೀನು ಹಿಡಿಯುವವರು, ಹೊಲ ಗೇಯುವವರು, ಕೂಲಿಯವರು. ಅವರಿಗೆ ಊಟದ ಚಿಂತೆ ಎಂದರೆ ಮರುದಿನದ ಊಟದ ಚಿಂತೆಯೇ. ಹೊಟ್ಟೆ ತುಂಬಿದವರಿಗೆ ಹೇಳಿದ ವೇದಾಂತ ಇದಲ್ಲ ಎಂಬುದು ಮನಸ್ಸಿನಲ್ಲಿರಲಿ.

ಕಲ್ಲಿನೊಳಗಿನ ಕಪ್ಪೆಗೆ ಉಣಿಸಿದವರಾರು ಎಂದು ಕೇಳಿದ ಕನಕದಾಸರ ನಾಡಿನ ನಮಗೆ ಹಕ್ಕಿಗಳ ಈ ಮಾತು ಪರಕೀಯವೆನಿಸದು. ಆದರೂ ಜೀವಶಾಸ್ತ್ರ ಓದುವ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ‘ಸಾರ್, ಹಕ್ಕಿಗಳು ಸುಮ್ಮನೆ ಕೂರುತ್ತವೆಯೇ?’ ಖಂಡಿತ ಇಲ್ಲ. ಗೂಡಿನಲ್ಲಿ ಮರಿಗಳಿರುವಾಗ ಒಂದು ಜೋಡಿ ಸಣ್ಣ ಹಕ್ಕಿಗಳು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ನೂರಾರು ಸಲ ಹುಳು ಹಿಡಿದು ತಂದು ಉಣಿಸುತ್ತವೆ. ಯೇಸು ಹೇಳಿದ್ದನ್ನು ಮತ್ತೆ ಓದಿ ನೋಡಿ. ಹಕ್ಕಿ ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಕಣಜದಲ್ಲಿ ತುಂಬಿಡುವುದಿಲ್ಲ ಎಂದರೇ ಹೊರತು ದುಡಿಯುವುದಿಲ್ಲ ಎನ್ನಲಿಲ್ಲ. ಹಕ್ಕಿ ಇಂದಿನ ಹುಳುವನ್ನು ಇಂದು ಹಿಡಿಯುತ್ತದೆ. ನಾಳಿನ ಹುಳುವಿಗಾಗಿ ಇಂದು ಬಳಲುವುದಿಲ್ಲ.

ಇದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ ಕ್ರೈಸ್ತರೆಲ್ಲರೂ ಹೇಳುವ ಪ್ರಾರ್ಥನೆಯಿದೆ. ಅದರಲ್ಲಿ ಬೇಡುವುದು ಆ ದಿನದ ರೊಟ್ಟಿಯನ್ನು. ಒಂದು ವರ್ಷದ ದಾಸ್ತಾನನ್ನಲ್ಲ. ಇದರ ಹಿಂದೆ ಇನ್ನೂ ಹಳೆಯ ಕಥೆಯೊಂದಿದೆ. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಅರಣ್ಯದಲ್ಲಿ ಹಸಿದಾಗ ಮನ್ನಾ ಎಂಬ ಆಹಾರ ಪ್ರತಿದಿನ ಬೆಳಿಗ್ಗೆ ಸಿಗುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಆರಿಸಿಕೊಳ್ಳಬೇಕು. ನಾಳೆ ಸಿಗುತ್ತದೋ ಇಲ್ಲವೋ ಎಂದು ಕೆಲವರು ಉಳಿಸಿಕೊಂಡರು. ಬೆಳಗಾಗುವುದರಲ್ಲಿ ಹುಳ ಬಿದ್ದು ನಾರಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು ಆರಿಸಿಕೊಳ್ಳಬಹುದಿತ್ತು, ಆಗ ಅದು ಕೆಡಲಿಲ್ಲ. ಆರಿಸಿಕೊಳ್ಳುವ ಕೆಲಸವನ್ನಂತೂ ಯಾವ ದಿನವೂ ಅವರೇ ಮಾಡಬೇಕಿತ್ತು. ಮನ್ನಾ ಬಾಯಿಗೆ ಬಂದು ಬೀಳುತ್ತಿರಲಿಲ್ಲ.

ಇದೆಲ್ಲ ಪುಸ್ತಕದ ಮಾತು, ಬದುಕಿನಲ್ಲಿ ಹೀಗೆ ನಡೆದುಕೊಳ್ಳಲು ಸಾಧ್ಯವೇ ಎಂದು ನೀವು ಕೇಳಬಹುದು. ನಡೆದುಕೊಂಡ ಒಬ್ಬರ ವಿಷಯ ಹೇಳುತ್ತೇನೆ. ಅವರು ಜಾರ್ಜ್ ಮುಲ್ಲರ್. ಹುಟ್ಟಿದ್ದು 1805ರಲ್ಲಿ, ಆಗಿನ ಪ್ರಷ್ಯಾ ದೇಶದಲ್ಲಿ. ಹುಟ್ಟುಸಾಧುವೇನೂ ಅಲ್ಲ. ತಂದೆ ತೆರಿಗೆ ವಸೂಲಿಯ ಅಧಿಕಾರಿ. ಮನೆಯಲ್ಲಿದ್ದ ಸರಕಾರದ ಹಣವನ್ನೇ ಮಗ ಕದಿಯುತ್ತಿದ್ದ. ಹದಿನಾರನೆಯ ವಯಸ್ಸಿನಲ್ಲಿ ಹೋಟೆಲಿನ ಬಾಕಿ ಕೊಡದೆ ಸಿಕ್ಕಿಬಿದ್ದು ಸೆರೆಮನೆಯನ್ನೂ ಕಂಡ. ಇವನ್ನೆಲ್ಲ ಮುಂದೆ ಅವರೇ ಬರೆದುಕೊಂಡಿದ್ದಾರೆ. ಹಾಲೆ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1825ರಲ್ಲಿ, ಒಂದು ಮನೆಯ ಪ್ರಾರ್ಥನಾ ಕೂಟಕ್ಕೆ ಹೋದದ್ದು ಬದುಕನ್ನು ತಿರುಗಿಸಿತು. 1829ರಲ್ಲಿ ಇಂಗ್ಲೆಂಡಿಗೆ ಬಂದರು, 1832ರಲ್ಲಿ ಬ್ರಿಸ್ಟಲ್ ನಗರದಲ್ಲಿ ನೆಲೆಸಿದರು.

ಬ್ರಿಸ್ಟಲ್‌ನಲ್ಲಿ ಅವರು ಮನೆಮನೆಗೆ ಹೋಗುವಾಗ ಕಂಡದ್ದು ಬಡತನಕ್ಕಿಂತಲೂ ಹೆಚ್ಚಾಗಿ ಭಯ. ದಿನಕ್ಕೆ 14ರಿಂದ 16 ಗಂಟೆ ದುಡಿಯುತ್ತಿದ್ದ ಒಬ್ಬ ಕಸುಬುದಾರನ ವಿಷಯ ಅವರ ದಿನಚರಿಯಲ್ಲಿದೆ. ಮೈ ಕುಗ್ಗಿತ್ತು, ಮನಸ್ಸು ಬತ್ತಿತ್ತು. ಕೆಲಸ ಸ್ವಲ್ಪ ಕಡಿಮೆ ಮಾಡಪ್ಪ ಎಂದರೆ, ‘ಆಮೇಲೆ ಹೊಟ್ಟೆಗೆ?’ ಎಂಬ ಅಂಜಿಕೆ. ಇಂಥವರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ, ಕಣ್ಣಿಗೆ ಕಾಣುವಂಥದ್ದೇನಾದರೂ ಬೇಕು ಎಂದು ಮುಲ್ಲರ್ ಯೋಚಿಸಿದರು. ಬಡ ಮನುಷ್ಯನೊಬ್ಬ ಯಾರ ಮುಂದೆಯೂ ಕೈಚಾಚದೆ, ದೇವರಲ್ಲಿ ಮಾತ್ರ ಬೇಡಿಕೊಂಡು ಒಂದು ಅನಾಥಾಲಯ ನಡೆಸಿದರೆ, ಅದನ್ನು ನೋಡಿಯಾದರೂ ಈ ಜನಕ್ಕೆ ಧೈರ್ಯ ಬಂದೀತು. ಅನಾಥ ಮಕ್ಕಳ ಮೇಲಿನ ಕರುಣೆ ಇರಲಿಲ್ಲವೆಂದಲ್ಲ. ಆದರೆ ಮೊದಲ ಉದ್ದೇಶ ಇದೇ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಚಿಂತೆಗೆ ಎದುರಾಗಿ ಕಟ್ಟಿದ ಪ್ರಾತ್ಯಕ್ಷಿಕೆ ಎನ್ನಬಹುದು. ವಿಜ್ಞಾನ ಓದಿದ ನನಗೆ ಈ ಮನುಷ್ಯನ ಮೇಲೆ ಆಸಕ್ತಿ ಹುಟ್ಟಿದ್ದೇ ಈ ಕಾರಣಕ್ಕೆ.

1836ರ ಏಪ್ರಿಲ್‌ನಲ್ಲಿ ವಿಲ್ಸನ್ ಸ್ಟ್ರೀಟ್‌ನ ಒಂದು ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳಿಗಾಗಿ ಮೊದಲ ಮನೆ ತೆರೆಯಿತು. ಅದಕ್ಕೆ ಮೊದಲು ನಡೆದ ಸಂಗತಿಯೊಂದು ತಮಾಷೆಯಾಗಿದೆ. ಮನೆಗಾಗಿ ಪ್ರಾರ್ಥಿಸಿದರು, ಹಣಕ್ಕಾಗಿ, ತಟ್ಟೆ ಬೋಗುಣಿ ಕಂಬಳಿಗಳಿಗಾಗಿ, ಮಕ್ಕಳನ್ನು ನೋಡಿಕೊಳ್ಳುವವರಿಗಾಗಿ ಪ್ರಾರ್ಥಿಸಿದರು. ಎಲ್ಲವೂ ಬಂದವು. ಅರ್ಜಿ ತೆಗೆದುಕೊಳ್ಳುವ ದಿನ ಗೊತ್ತುಮಾಡಿ ಕಾದು ಕುಳಿತರು. ಒಂದು ಮಗುವೂ ಬರಲಿಲ್ಲ! ಮಕ್ಕಳು ಬರಲಿ ಎಂದು ಬೇಡುವುದೇ ಮರೆತುಹೋಗಿತ್ತು. ಊರ ತುಂಬ ಅನಾಥರಿರುವಾಗ ಅದನ್ನೂ ಬೇಡಬೇಕೇ ಎಂದುಕೊಂಡಿದ್ದರು. ಮರುದಿನದಿಂದ ಅರ್ಜಿಗಳು ಬರತೊಡಗಿದವು.

ಮುಲ್ಲರ್ ಬಗ್ಗೆ ಒಂದು ಜನಪ್ರಿಯ ಕಥೆಯಿದೆ. ಬೆಳಗಿನ ಊಟಕ್ಕೆ ಏನೂ ಇಲ್ಲ, ಖಾಲಿ ತಟ್ಟೆಗಳ ಮುಂದೆ ಮಕ್ಕಳು ನಿಂತಿದ್ದಾರೆ, ಮುಲ್ಲರ್ ದೇವರಿಗೆ ವಂದನೆ ಹೇಳುತ್ತಾರೆ. ಆಗಲೇ ಬಾಗಿಲು ತಟ್ಟಿ ರೊಟ್ಟಿಯವನು ಬರುತ್ತಾನೆ, ಹಿಂದೆಯೇ ಹಾಲಿನ ಗಾಡಿ ಮನೆಯೆದುರೇ ಕೆಟ್ಟು ನಿಲ್ಲುತ್ತದೆ. ಟೆಲಿವಿಷನ್ನಿನವನಾದ ನನಗೆ ಇದರ ಷಾಟ್‌ಗಳೆಲ್ಲ ಕಣ್ಣಮುಂದೆ ಬರುತ್ತವೆ. ಆದರೆ ಇದು ಬಾಯಿಂದ ಬಾಯಿಗೆ ಬಂದ ಕಥೆ. ನನ್ನನ್ನು ಹೆಚ್ಚು ಒಪ್ಪಿಸುವುದು, ಕ್ಯಾಮೆರಾಕ್ಕೆ ಅಷ್ಟೇನೂ ಒದಗದ ಅವರ ಲೆಕ್ಕದ ಪುಸ್ತಕಗಳು. ಯಾವ ದಿನ ಎಷ್ಟು ಬಂತು, ಏನು ಬಂತು, ಎಷ್ಟು ಖರ್ಚಾಯಿತು, ಎಲ್ಲಕ್ಕೂ ಲೆಕ್ಕ. ಒಂದೆರಡು ಪೆನ್ನಿ ಬಂದರೂ ಬರೆದಿಟ್ಟರು. ವರ್ಷಕ್ಕೊಮ್ಮೆ ವರದಿ ಅಚ್ಚು ಹಾಕಿಸಿದರು. ಸಾಲ ಮಾಡಲಿಲ್ಲ. 1838ರಿಂದ ಕೆಲವು ವರ್ಷ ಕೈ ತೀರ ಬರಿದಾದ ದಿನಗಳು ಎಷ್ಟೋ ಬಂದವು. ಅಲ್ಲಿ ಕೆಲಸ ಮಾಡುತ್ತಿದ್ದವರು ಒಟ್ಟಿಗೆ ಕೂತು ಪ್ರಾರ್ಥಿಸಿ, ತಮ್ಮಲ್ಲಿದ್ದ ಅಷ್ಟಿಷ್ಟನ್ನೂ ಕೊಟ್ಟು ದಿನ ದೂಡಿದರು. ದೇವರನ್ನು ನಂಬುವವನಿಗೆ ಲೆಕ್ಕ ಯಾಕೆ ಎಂದು ಅವರೆಂದೂ ಕೇಳಲಿಲ್ಲ.

ಆ ವರದಿಗಳೇ ಒಂದು ರೀತಿಯ ಬೇಡಿಕೆಯಲ್ಲವೇ ಎಂದು ಕೇಳಬಹುದು. ಕೇಳತಕ್ಕ ಮಾತೇ. ವರದಿ ಓದಿಯೇ ಕೊಟ್ಟವರು ಬಹಳ ಮಂದಿ ಇದ್ದಿರಬೇಕು. ಇದನ್ನು ಒಪ್ಪಿಕೊಂಡರೂ ಉಳಿಯುವ ಅಂಶ ಸಣ್ಣದಲ್ಲ. ಆಶ್ಲಿ ಡೌನ್ ಎಂಬ ದಿಬ್ಬದ ಮೇಲೆ 1849ರಲ್ಲಿ ಮುನ್ನೂರು ಮಕ್ಕಳ ಕಟ್ಟಡ ಎದ್ದಿತು. 1870ರ ಹೊತ್ತಿಗೆ ಐದು ಕಟ್ಟಡಗಳು, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಅವರ ಜೀವಮಾನದಲ್ಲಿ ಅಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರ ದಾಟಿದರು. ಎಪ್ಪತ್ತು ದಾಟಿದ ಮೇಲೆ ಭಾರತವೂ ಸೇರಿದಂತೆ ಹಲವು ದೇಶ ಸುತ್ತಿ ಉಪದೇಶ ಮಾಡಿದ ಮುಲ್ಲರ್ 1898ರಲ್ಲಿ ತೀರಿಕೊಂಡಾಗ ಅವರ ಸ್ವಂತ ಆಸ್ತಿ ಇನ್ನೂರು ಪೌಂಡಿಗೂ ಕಡಿಮೆ.

1857ರ ನವೆಂಬರ್ ಕೊನೆಯ ಒಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲ ಕಟ್ಟಡವನ್ನು ಬೆಚ್ಚಗಿಡುತ್ತಿದ್ದ ಬಾಯ್ಲರ್ ಸೋರತೊಡಗಿತು. ಬಾಯ್ಲರ್ ಸುತ್ತ ಇಟ್ಟಿಗೆಯ ಗೋಡೆ. ಅದನ್ನು ಒಡೆಯದೆ ಸೋರುವುದೆಲ್ಲಿ ಎಂದು ತಿಳಿಯದು. ಒಡೆಯಬೇಕಾದರೆ ಬೆಂಕಿ ಆರಿಸಬೇಕು. ಚಳಿಗಾಲ, ಮುನ್ನೂರು ಮಕ್ಕಳು, ಅವರಲ್ಲಿ ಬಹಳ ಚಿಕ್ಕವರೂ ಇದ್ದಾರೆ. ಮುಲ್ಲರ್ ಮೊದಲು ಬೇರೆ ಉಪಾಯಗಳನ್ನು ನೋಡಿದರು. ಗ್ಯಾಸಿನ ಒಲೆ ಇಡಬಹುದೇ ಎಂದು ವಿಚಾರಿಸಿದರು, ಅದು ಆಗುವಂತಿರಲಿಲ್ಲ. ಕೊನೆಗೆ ಒಂದು ಬುಧವಾರವನ್ನು ಗೊತ್ತುಮಾಡಿ ಕೆಲಸದವರನ್ನು ಕರೆಸಿದರು. ಅಷ್ಟರಲ್ಲಿ ಉತ್ತರದ ಕೊರೆಯುವ ಗಾಳಿ ಶುರುವಾಯಿತು. ಅವರು ಎರಡು ವಿಷಯ ಬೇಡಿಕೊಂಡರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸದವರಿಗೆ ಕೆಲಸದಲ್ಲಿ ಮನಸ್ಸಿರಲಿ. ಮಂಗಳವಾರ ಸಂಜೆಯೂ ಉತ್ತರದ ಗಾಳಿಯೇ. ಬುಧವಾರ ದಕ್ಷಿಣದ ಗಾಳಿ ಬೀಸಿತು, ಬೆಂಕಿಯೇ ಬೇಡವೆನಿಸುವಷ್ಟು ಹದವಾಗಿ. ಗೋಡೆ ಒಡೆದ ಸ್ವಲ್ಪ ಹೊತ್ತಿಗೆ ಸೋರಿಕೆ ಸಿಕ್ಕಿತು. ರಾತ್ರಿ ತಡವಾಗಿ ಹೋಗಿ ಬೆಳಿಗ್ಗೆ ಬೇಗ ಬನ್ನಿ ಎಂದು ಯಜಮಾನ ಹೇಳಿದರೆ, ರಾತ್ರಿಯಿಡೀ ಕೂತು ಮುಗಿಸುತ್ತೇವೆ ಎಂದರು ಕೆಲಸದವರು. ಸುಮಾರು ಮೂವತ್ತು ಗಂಟೆಯಲ್ಲಿ ಬಾಯ್ಲರಿನಲ್ಲಿ ಮತ್ತೆ ಬೆಂಕಿ ಉರಿಯಿತು.

ನಂಬುವವರು ಇದನ್ನು ದೇವರ ಉತ್ತರ ಎನ್ನುತ್ತಾರೆ. ಬಿ.ಎಸ್‌ಸಿ. ತರಗತಿಯ ಕೊನೆಯ ಬೆಂಚಿನಿಂದ ಯಾರಾದರೂ ‘ನವೆಂಬರಿನ ಬ್ರಿಸ್ಟಲ್‌ನಲ್ಲಿ ಗಾಳಿ ತಿರುಗುವುದು ಸೋಜಿಗವೇ?’ ಎಂದರೆ ಅವರ ಬಾಯಿ ಮುಚ್ಚಿಸಲು ನನ್ನಿಂದಾಗದು. ಒಂದೇ ಸಲ ನಡೆದದ್ದನ್ನು ಮತ್ತೆ ನಡೆಸಿ ಪರೀಕ್ಷಿಸಲು ಬರುವುದಿಲ್ಲ. ಆದರೆ ಮುಲ್ಲರ್ ಮಾಡಿದ ಕೆಲಸಗಳ ಸಾಲನ್ನು ಗಮನಿಸಿ. ಉಪಾಯ ಹುಡುಕಿದ್ದು, ದಿನ ಗೊತ್ತುಮಾಡಿದ್ದು, ಕೆಲಸದವರನ್ನು ಕರೆಸಿದ್ದು, ಆಮೇಲೂ ತನ್ನ ಕೈಯಲ್ಲಿಲ್ಲದೆ ಉಳಿದ ಎರಡನ್ನು ಮಾತ್ರ ದೇವರಿಗೆ ಒಪ್ಪಿಸಿದ್ದು. ಒಂದು ಗಾಳಿ, ಇನ್ನೊಂದು ಪರರ ಮನಸ್ಸು. ಬಾಯ್ಲರ್ ತಾನಾಗಿ ದುರಸ್ತಿಯಾಗಲಿ ಎಂದು ಅವರು ಪ್ರಾರ್ಥಿಸಲಿಲ್ಲ.

ಈಗ ನಿಮ್ಮ ಓದುವ ಮೇಜಿಗೆ ಬನ್ನಿ. ಪರೀಕ್ಷೆಗೆ ಹತ್ತು ದಿನ ಇದೆ ಎಂದುಕೊಳ್ಳಿ. ಪಾಠ ಓದುವುದು, ಲೆಕ್ಕ ಬಿಡಿಸುವುದು, ಹೊತ್ತಿಗೆ ಮಲಗುವುದು ನಿಮ್ಮ ಕೈಯಲ್ಲಿದೆ. ಪ್ರಶ್ನೆಪತ್ರಿಕೆ ಹೇಗೆ ಬರುತ್ತದೆ, ಮೌಲ್ಯಮಾಪಕರು ಯಾರು, ಯಾವ ರ‍್ಯಾಂಕಿಗೆ ಯಾವ ಕಾಲೇಜು, ಪಕ್ಕದ ಮನೆಯವರು ಏನನ್ನುತ್ತಾರೆ – ಇವು ನಿಮ್ಮ ಕೈಯಲ್ಲಿಲ್ಲ. ವಿಚಿತ್ರವೆಂದರೆ ರಾತ್ರಿ ಒಂದು ಗಂಟೆಯಲ್ಲಿ ನಿದ್ದೆ ಕೆಡಿಸುವುದು ಈ ಎರಡನೆಯ ಗುಂಪೇ. ಕ್ರೈಸ್ತನಾದವನು ದೇವರ ಕೈಗೆ ಬಿಟ್ಟುಕೊಡುವುದು ಇದನ್ನು. ಮೊದಲನೆಯದನ್ನೂ ದೇವರಿಗೇ ಬಿಟ್ಟು ಹೊದ್ದು ಮಲಗುವವನ ಪರವಾಗಿ ಪರ್ವತ ಪ್ರಸಂಗದಲ್ಲಿ ಒಂದು ಮಾತೂ ಇಲ್ಲ.

ಸರಿ, ಓದಿದೆವು, ಪ್ರಾರ್ಥಿಸಿದೆವು. ಆದರೂ ಬೇಡಿದ್ದು ಆಗಲಿಲ್ಲ. ಆಗ? ನಂಬಿಕೆಯ ಬಗ್ಗೆ ಮಾತನಾಡುವ ಬಹಳ ಜನ ಈ ಪ್ರಶ್ನೆಯ ಹತ್ತಿರ ಬರುವುದರೊಳಗೆ ಮಾತು ಮುಗಿಸಿಬಿಡುತ್ತಾರೆ. ಮುಲ್ಲರ್ ಮನೆಗೆ ರೊಟ್ಟಿ ಬಂತು. ಅದೇ ಕಾಲದಲ್ಲಿ, 1845ರಿಂದ, ಪಕ್ಕದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು. ಅವರೂ ಪ್ರಾರ್ಥಿಸಿದವರೇ, ಆ ದಿನದ ರೊಟ್ಟಿಯನ್ನೇ ಬೇಡಿದವರು. ನಂಬಿದವರಿಗೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಆ ಸಮಾಧಿಗಳ ಮುಂದೆ ನಿಂತು ಈ ಮಾತನ್ನು ಹೇಳಬಲ್ಲರೇ?

ಸುವಾರ್ತೆಯೇ ಅಂಥ ಮಾತು ಕೊಟ್ಟಿಲ್ಲ. ಮತ್ತಾಯನ 10ನೆಯ ಅಧ್ಯಾಯದಲ್ಲಿ ಹಕ್ಕಿಗಳು ಮತ್ತೊಮ್ಮೆ ಬರುತ್ತವೆ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳು. ಅವುಗಳಲ್ಲಿ ಒಂದೂ ತಂದೆಗೆ ಹೊರತಾಗಿ ನೆಲಕ್ಕೆ ಬೀಳದು ಎಂದು ಯೇಸು ಹೇಳುತ್ತಾರೆ. ಗುಬ್ಬಿ ಬೀಳುವುದೇ ಇಲ್ಲ ಎನ್ನುವುದಿಲ್ಲ. ಬೀಳುತ್ತದೆ, ಬೀಳುವಾಗಲೂ ಅದು ಅನಾಥವಲ್ಲ ಎಂಬಷ್ಟೇ ಭರವಸೆ. ಇದು ಮೊದಲು ಕೇಳಿದಾಗ ಸಣ್ಣ ಭರವಸೆ ಎನಿಸುತ್ತದೆ. ಸಣ್ಣದೋ ದೊಡ್ಡದೋ, ಕ್ರೈಸ್ತ ಶ್ರದ್ಧೆ ನಿಂತಿರುವುದು ಇದರ ಮೇಲೆ.

ಇನ್ನೊಂದು ಸಂಗತಿ. ಚಿಂತೆ ಮಾಡಬೇಡಿ ಎಂದ ಯೇಸುವೇ ಸೆರೆಸಿಕ್ಕುವ ಹಿಂದಿನ ಹೊತ್ತಿನಲ್ಲಿ ಗೆತ್ಸೆಮನೆ ತೋಟದಲ್ಲಿ ಸಂಕಟಪಟ್ಟರು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಲೂಕ ಬರೆಯುತ್ತಾನೆ. ಈ ಕಷ್ಟ ತಪ್ಪಲಿ ಎಂದು ಬೇಡಿದರು, ಜೊತೆಯಲ್ಲಿ ಎಚ್ಚರವಾಗಿರಿ ಎಂದು ಗೆಳೆಯರನ್ನು ಕೇಳಿಕೊಂಡರು. ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ ಎದೆ ಡವಗುಟ್ಟಿದರೆ, ಕೈ ನಡುಗಿದರೆ, ನನ್ನ ನಂಬಿಕೆ ಸಾಲದೆಂದು ಹೆದರಬೇಡಿ. ನಂಬಿಕೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಸ್ನೇಹಿತರಿಗೆ ಹೇಳಲೂ ಬೇಡಿ. ನೊಂದವರ ಮೇಲೆ ಅದು ಇನ್ನೊಂದು ಭಾರ. ಊಟ ಸೇರದೆ, ನಿದ್ದೆ ಬಾರದೆ ವಾರಗಳು ಕಳೆದರೆ ಮನೆಯವರಿಗೋ ಅಧ್ಯಾಪಕರಿಗೋ ಹೇಳಿ, ವೈದ್ಯರಲ್ಲಿಗೆ ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಸುವಾರ್ತೆ ಬರೆದ ಲೂಕನನ್ನೇ ಕ್ರೈಸ್ತ ಪರಂಪರೆ ವೈದ್ಯನೆಂದು ಕರೆಯುತ್ತದೆ. ಔಷಧಿಗೂ ಶ್ರದ್ಧೆಗೂ ಜಗಳವಿಲ್ಲ.

ಬೇಡಿದ್ದು ಆಗದಿದ್ದರೂ ನಂಬಿದವರು ಹೇಗಿರುತ್ತಾರೆ ಎಂಬುದಕ್ಕೆ ನಮಗೆ ಹತ್ತಿರದ ಕಾಲದ ಒಬ್ಬರನ್ನು ನೆನೆಯುತ್ತೇನೆ. ಡೀಟ್ರಿಚ್ ಬಾನ್‌ಹಾಫರ್, ಜರ್ಮನಿಯ ಪಾದ್ರಿ. ತಂದೆ ಮನೋವೈದ್ಯ, ಅಣ್ಣ ಕಾರ್ಲ್ ಫ್ರೀಡ್ರಿಚ್ ಭೌತರಸಾಯನ ವಿಜ್ಞಾನಿ, ಹೈಡ್ರೋಜನ್ನಿನ ಆರ್ಥೋ–ಪ್ಯಾರಾ ರೂಪಗಳ ಮೇಲೆ 1929ರಲ್ಲಿ ಕೆಲಸ ಮಾಡಿದವರು. 1939ರಲ್ಲಿ ಅಮೆರಿಕಕ್ಕೆ ಹೋಗಿ ಕ್ಷೇಮವಾಗಿದ್ದ ಬಾನ್‌ಹಾಫರ್ ಒಂದೇ ತಿಂಗಳಲ್ಲಿ, ಯುದ್ಧ ಇನ್ನೇನು ಶುರುವಾಗಲಿದೆ ಎನ್ನುವಾಗ, ತಮ್ಮ ಜನರ ಜೊತೆಗಿರಬೇಕೆಂದು ಹಿಂದಿರುಗಿದರು. ಹಿಟ್ಲರನ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದವರ ಜೊತೆ ಸೇರಿದರು. 1943ರ ಏಪ್ರಿಲ್ 5ರಂದು ಬಂಧನವಾಯಿತು.

ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಅವರು ಓದಿದ ಪುಸ್ತಕಗಳಲ್ಲಿ ಭೌತವಿಜ್ಞಾನಿ ವೈಟ್ಸೆಕರ್ ಬರೆದದ್ದೂ ಒಂದು. 1944ರ ಮೇ ತಿಂಗಳಲ್ಲಿ ಅದನ್ನು ಓದಿ ಒಂದು ಪತ್ರದಲ್ಲಿ ತಮ್ಮ ಅಭಿಪ್ರಾಯ ಬರೆದರು. ನಮಗೆ ತಿಳಿಯದ ಜಾಗಗಳನ್ನು ಮುಚ್ಚಲು ದೇವರನ್ನು ತಂದು ತುರುಕಬಾರದು. ತಿಳಿವಳಿಕೆ ಬೆಳೆದಂತೆ ಅಂಥ ದೇವರು ಹಿಂದೆ ಸರಿಯುತ್ತಲೇ ಹೋಗುತ್ತಾನೆ ಎಂಬ ಅರ್ಥದ ಮಾತು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಬಹುದು. ಮುಲ್ಲರ್ ಅವರ ಗಾಳಿಯ ವಿಷಯದಲ್ಲೂ ಇದು ನೆನಪಿಗೆ ಬರುತ್ತದೆ. ನಂಬಿಕೆಯನ್ನು ಗಾಳಿ ತಿರುಗುವುದರ ಮೇಲೆ ಕಟ್ಟಿದರೆ, ತಿರುಗದ ದಿನ ಅದರ ಗತಿಯೇನು?

ಅದೇ ಬೇಸಿಗೆಯಲ್ಲಿ ಅವರು ಬರೆದ ಒಂದು ಕವಿತೆಯಲ್ಲಿ ಕಾವಲುಗಾರರ ಕಣ್ಣಿಗೆ ತಾನು ಶಾಂತನಾಗಿ ಕಾಣುತ್ತೇನೆ, ಒಳಗೆ ಮಾತ್ರ ಪಂಜರದ ಹಕ್ಕಿಯಂತೆ ಕಳವಳಗೊಂಡಿದ್ದೇನೆ ಎಂಬ ಭಾವವಿದೆ. ಎರಡರಲ್ಲಿ ನಿಜವಾದ ನಾನು ಯಾವುದು ಎಂದು ಕೇಳಿಕೊಂಡು, ಅದು ದೇವರಿಗೆ ಗೊತ್ತು, ನಾನು ಅವನವನು ಎಂಬಲ್ಲಿ ನಿಲ್ಲಿಸುತ್ತಾರೆ. ಕಳವಳ ಹೋಗಲಿಲ್ಲ, ಅದನ್ನು ಬಚ್ಚಿಡಲೂ ಇಲ್ಲ. ಆ ವರ್ಷದ ಡಿಸೆಂಬರ್ 19ರಂದು, ಗೆಸ್ಟಾಪೊ ನೆಲಮಾಳಿಗೆಯಿಂದ, ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಬರೆದ ಕ್ರಿಸ್‌ಮಸ್ ಪತ್ರದ ಜೊತೆ ಇನ್ನೊಂದು ಕವಿತೆ ಕಳಿಸಿದರು. ಬರುವ ವರ್ಷ ಏನು ತಂದರೂ ಒಳ್ಳೆಯ ಶಕ್ತಿಗಳು ನಮ್ಮನ್ನು ಆವರಿಸಿವೆ ಎಂಬುದು ಅದರ ಧ್ವನಿ. ಬಿಡುಗಡೆಯಾಗುತ್ತದೆ ಎಂದು ಅದರಲ್ಲಿ ಎಲ್ಲೂ ಬರೆಯಲಿಲ್ಲ.

ಬಿಡುಗಡೆ ಆಗಲೂ ಇಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ವಯಸ್ಸು 39. ಎರಡು ವಾರದಲ್ಲಿ ಅಮೆರಿಕದ ಸೈನ್ಯ ಆ ಶಿಬಿರವನ್ನು ತಲುಪಿತು. ಆ ಕವಿತೆಗೆ ಮುಂದೆ ರಾಗ ಹಾಕಿದರು. ಜರ್ಮನಿಯ ಚರ್ಚುಗಳಲ್ಲಿ ವರ್ಷದ ಕೊನೆಯ ಸಂಜೆ ಜನ ಅದನ್ನು ಇಂದಿಗೂ ಹಾಡುತ್ತಾರೆ.